ಕಣ ದಾಟುವಾಗ ವೈಫೈ ಕಾಲ್ ಕಟ್ ಆಗುವುದೇಕೆ?

ಪ್ರಶ್ನೆ: ಮೂಡಿಗೆರೆ ಹತ್ತಿರದ ತೋಟದಲ್ಲಿ ನಮ್ಮ ಮನೆ, ಕಾಫಿ ಕಣದ ಆಚೆ ಹೋಂಸ್ಟೇ. ಮನೆಯ ಫೈಬರ್ ಇಂಟರ್‌ನೆಟ್‌ನಿಂದ ಕೇಬಲ್ ಎಳೆದು ಹೋಂಸ್ಟೇಯಲ್ಲಿ ಇನ್ನೊಂದು ರೌಟರ್ ಇಟ್ಟಿದ್ದೇವೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಆದರೂ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುತ್ತಾ ಕಣ ದಾಟಿದರೆ ಕಾಲ್ ನಿಂತುಹೋಗುತ್ತದೆ. ಏನು ಮಾಡಬೇಕು?

ಉತ್ತರ: ಮೊದಲು ಹೋಂಸ್ಟೇ ರೌಟರ್‌ನ ಹಿಂಭಾಗ ನೋಡಿ. ಮನೆಯಿಂದ ಬಂದ ಕೇಬಲ್ ‘ವ್ಯಾನ್’ (WAN, ಹೊರಗಿನ ಇಂಟರ್‌ನೆಟ್ ಬರುವ) ಪೋರ್ಟಿನಲ್ಲಿದ್ದರೆ ತೊಂದರೆಯ ಮೂಲ ಬಹುಮಟ್ಟಿಗೆ ಅದೇ. ಆಗ ಆ ರೌಟರ್ ತನ್ನದೇ ಬೇರೆ ನೆಟ್‌ವರ್ಕ್ ನಡೆಸುತ್ತದೆ. ಫೋನ್ ಅದಕ್ಕೆ ಸೇರಿದಾಗ ಐಪಿ ವಿಳಾಸವೇ (ನೆಟ್‌ವರ್ಕಿನಲ್ಲಿ ಫೋನ್‌ನ ಗುರುತಿನ ಸಂಖ್ಯೆ) ಬದಲಾಗಿ, ನಡೆಯುತ್ತಿದ್ದ ಕಾಲ್ ತುಂಡಾಗುತ್ತದೆ. ಹೆಸರು ಒಂದೇ ಇದ್ದರೆ ಸಾಲದು, ನೆಟ್‌ವರ್ಕೂ ಒಂದೇ ಆಗಬೇಕು.

ರೌಟರ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ (ತನ್ನದೇ ನೆಟ್‌ವರ್ಕ್ ನಡೆಸದೆ ಮನೆಯದನ್ನೇ ವೈಫೈಯಲ್ಲಿ ಹರಡುವ ಬಗೆ) ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಕೈಯಾರೆ ಮಾಡಬೇಕು. ಮನೆಯ ರೌಟರ್ 192.168.1.1 ಆಗಿದ್ದರೆ ಹೋಂಸ್ಟೇಯದಕ್ಕೆ 192.168.1.2 ಕೊಡಿ (ಮನೆಯ ರೌಟರ್ ಫೋನ್‌ಗಳಿಗೆ ಹಂಚುವ ವಿಳಾಸಗಳಲ್ಲಿ ಇದು ಸೇರಿರಬಾರದು). ಹೊಸ ವಿಳಾಸದಿಂದ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ (ಫೋನ್‌ಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ. ಕೊನೆಗೆ ಕೇಬಲ್ಲನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ (LAN, ಒಳಗಿನ ನೆಟ್‌ವರ್ಕಿನ) ಪೋರ್ಟಿಗೆ ಹಾಕಿ. ಡಿಎಚ್‌ಸಿಪಿಯನ್ನು ಮೊದಲೇ ಆಫ್ ಮಾಡಿದರೆ ರೌಟರ್ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ವೈಫೈ ಭದ್ರತೆಯ ಬಗೆಯೂ ಎರಡು ರೌಟರ್‌ಗಳಲ್ಲಿ ಒಂದೇ ಇರಲಿ, ಉದಾಹರಣೆಗೆ ಡಬ್ಲ್ಯುಪಿಎ2.

ಇಷ್ಟಾದ ಮೇಲೂ ಕಣದಲ್ಲಿ ಮಾತು ಒಡೆದರೆ ಸಿಗ್ನಲ್ ಕಡೆ ಗಮನ ಕೊಡಿ. ರೌಟರ್ ಯಾವಾಗ ಬದಲಿಸಬೇಕೆಂದು ತೀರ್ಮಾನಿಸುವುದು ಫೋನೇ. ಐಫೋನ್ ಆದರೆ ಸಿಗ್ನಲ್ -70 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಕೆಳಗಿಳಿಯುವ ತನಕ ಬೇರೆಯದನ್ನು ಹುಡುಕುವುದಿಲ್ಲ. ಕಾಲ್ ನಡೆಯುತ್ತಿದ್ದರೆ ಹೊಸದು 8 ಡಿಬಿಯಷ್ಟಾದರೂ ಜೋರಾಗಿರಬೇಕು. ಹಾಗಾಗಿ ಎರಡನ್ನೂ ಫುಲ್ ಪವರ್‌ನಲ್ಲಿಡುವುದು ಜಾಣತನವಲ್ಲ, ಫೋನ್ ಹಳೆಯದಕ್ಕೇ ಅಂಟಿಕೊಳ್ಳುತ್ತದೆ. ಆಂಡ್ರಾಯ್ಡ್ ಫೋನ್‌ನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಕಣದ ನಡುವೆ ನಿಂತು ನೋಡಿ. ಎರಡೂ ಸುಮಾರು -67 ಬಂದರೆ ಸರಿ. ಎರಡೂ -75ಕ್ಕಿಂತ ಕೆಳಗಿದ್ದರೆ ಯಾವ ಸೆಟ್ಟಿಂಗೂ ನೆರವಾಗದು. ಕಣದ ಕಡೆ ಮುಖ ಮಾಡಿದ ಗೋಡೆಗೆ ಮೂರನೆಯ ಆಕ್ಸೆಸ್ ಪಾಯಿಂಟ್ ಬೇಕು, ಅದೂ ಕೇಬಲ್ ಮೂಲಕ. ಅಗ್ಗದ ರಿಪೀಟರ್ ಬೇಡ, ಒಂದೇ ಚಾನೆಲ್‌ನಲ್ಲಿ ಕೇಳಿ ಮತ್ತೆ ಹೇಳಬೇಕಾದ್ದರಿಂದ ಅದರ ವೇಗ ಅರ್ಧಕ್ಕಿಳಿಯುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು 1, 6, 11 ಹೀಗೆ ಬೇರೆ ಬೇರೆ ಇರಲಿ.

ಕಟ್ಟಡಗಳ ನಡುವಿನ ಕೇಬಲ್ ಬಗ್ಗೆಯೂ ಹೇಳಲೇಬೇಕು. ತಾಮ್ರದ ಈಥರ್ನೆಟ್ ಕೇಬಲ್‌ನ ಮಿತಿ 100 ಮೀಟರ್. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಡಿದರೆ ಆ ತಂತಿಯ ಮೂಲಕವೇ ಎರಡೂ ಕಡೆಯ ರೌಟರ್ ಸುಡಬಹುದು. ಅಲ್ಲಿ ಫೈಬರ್ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ಈಥರ್ನೆಟ್ ಸಂಕೇತವಾಗಿಸುವ ಸಾಧನ) ಹಾಕಿಸಿ. ಕೊಳ್ಳುವಾಗ ಒಳಗೆ ಉಕ್ಕಿನ ತಂತಿ ಇಲ್ಲದ ಫೈಬರ್ ಕೇಬಲ್ಲನ್ನೇ ಕೇಳಿ, ಉಕ್ಕಿನಲ್ಲೂ ವಿದ್ಯುತ್ ಹರಿಯುತ್ತದೆ.