ಓದುಗರ ಪ್ರಶ್ನೆ: ಜರ್ಮನಿಗೆ ಹೊರಟವರಿಗೆ ಯಾವ ಆರೋಗ್ಯ ವಿಮೆ?

ಪ್ರಶ್ನೆ: ಮ್ಯೂನಿಕ್‌ನಲ್ಲಿ ವರ್ಷಕ್ಕೆ 80,000 ಯೂರೊ ಸಂಬಳದ ಕೆಲಸ ಸಿಕ್ಕಿದೆ. ಜರ್ಮನಿಯಲ್ಲಿ ನನಗಿದು ಮೊದಲ ಕೆಲಸ. ಜೊತೆಗೆ ಹೆಂಡತಿ, ಮೂರು ವರ್ಷದ ಮಗಳು ಬರುತ್ತಾರೆ. ಹೆಂಡತಿಗೆ ಥೈರಾಯ್ಡ್ ಇದೆ, ಈಗ ನಾಲ್ಕು ತಿಂಗಳ ಬಸುರಿ. ಅಲ್ಲಿ ಕೆಲಸಕ್ಕೆ ಹೋಗುವುದಿಲ್ಲ. ಪ್ರೈವೇಟ್ ವಿಮೆಯೇ ಅಗ್ಗ ಎನ್ನುತ್ತಾರೆ ಏಜೆಂಟ್. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಪಬ್ಲಿಕ್ ವಿಮೆಗೆ (ಕಾನೂನಿನಡಿ ನಡೆಯುವ ಸಾರ್ವಜನಿಕ ಆರೋಗ್ಯ ವಿಮೆ) ಸೇರಿ. ನಿಮ್ಮ ವಿಷಯದಲ್ಲಿ ಮೀನಮೇಷ ಎಣಿಸುವುದು ಬೇಡ.

2026ರ ಲೆಕ್ಕದಲ್ಲಿ ಸಂಬಳ ವರ್ಷಕ್ಕೆ 77,400 ಯೂರೊ ದಾಟದ ನೌಕರರು ಪಬ್ಲಿಕ್ ವಿಮೆಯಲ್ಲೇ ಇರಬೇಕು. ದಾಟಿದವರಿಗಷ್ಟೇ ಪ್ರೈವೇಟ್ ಆಯ್ಕೆ. ಏಜೆಂಟ್ ತೋರಿಸುತ್ತಿರುವ ಅಗ್ಗದ ಪ್ರೀಮಿಯಂ ನಿಮ್ಮೊಬ್ಬರದಾಗಿರುತ್ತದೆ. ಪ್ರೈವೇಟಿನಲ್ಲಿ ತಲೆಗೊಂದು ಪ್ರೀಮಿಯಂ. ಹೆಂಡತಿ, ಮಗಳು, ಹುಟ್ಟಲಿರುವ ಮಗು ಎಲ್ಲರದೂ ಬೇರೆ ಬೇರೆ. ಥೈರಾಯ್ಡ್ ಎಂದರೆ ಪ್ರೀಮಿಯಂ ಏರಿಸಬಹುದು, ಅರ್ಜಿಯನ್ನೇ ತಿರಸ್ಕರಿಸಲೂಬಹುದು. ಹೆರಿಗೆಗೆ 8 ತಿಂಗಳವರೆಗೆ ಕಾಯುವ ಅವಧಿ (ಅಲ್ಲಿಯವರೆಗೆ ಆ ಖರ್ಚು ಸಿಗದು) ಇಡಲು ಅವಕಾಶವಿದೆ. ಫಾರ್ಮಿನಲ್ಲಿ ಕಾಯಿಲೆ ಮುಚ್ಚಿಟ್ಟರೆ ಆಮೇಲೆ ವಿಮಾ ಕಂಪನಿ ಒಪ್ಪಂದವನ್ನೇ ರದ್ದು ಮಾಡಬಹುದು. 'ಇಲ್ಲ ಅಂತ ಟಿಕ್ ಮಾಡಿ' ಎಂದು ಯಾರು ಹೇಳಿದರೂ ಕೇಳಬೇಡಿ.

ಪಬ್ಲಿಕ್‌ನಲ್ಲಿ ಈ ಪ್ರಶ್ನೆಗಳೇ ಇಲ್ಲ. ಸಂಬಳ ಎಷ್ಟೇ ಇರಲಿ, ವಂತಿಗೆ ಲೆಕ್ಕ ಹಾಕುವುದು ತಿಂಗಳಿಗೆ 5,812.50 ಯೂರೊವರೆಗೆ ಮಾತ್ರ. ಮೂಲ ದರ 14.6%, ಅದರ ಮೇಲೆ ಪ್ರತಿ ಕ್ರಾಂಕನ್‌ಕಾಸೆಯ (ವಿಮಾ ನಿಧಿ) ಹೆಚ್ಚುವರಿ ದರ, ಸರಾಸರಿ 2.9%. ಅರ್ಧ ನೀವು ಕೆಲಸ ಮಾಡುವ ಕಂಪನಿ ಕಟ್ಟುತ್ತದೆ. ನಿಮ್ಮ ಪಾಲು ಸುಮಾರು 509 ಯೂರೊ. ಆರೈಕೆ ವಿಮೆಯ (ಮುಂದೆ ದೀರ್ಘಕಾಲ ಆರೈಕೆ ಬೇಕಾದರೆ ನೆರವಾಗುವ ಕಡ್ಡಾಯ ವಿಮೆ) 105 ಸೇರಿದರೆ ಸಂಬಳದ ಚೀಟಿಯಲ್ಲಿ ಸುಮಾರು 613 ಯೂರೊ ಕಡಿತ. ಹೆಂಡತಿಯ ಸ್ವಂತ ಆದಾಯ ತಿಂಗಳಿಗೆ 565 ಯೂರೊ ಮೀರದಿದ್ದರೆ ಅವರಿಗೂ ಮಕ್ಕಳಿಗೂ ಇದರಲ್ಲೇ, ಒಂದು ಸೆಂಟ್ ಹೆಚ್ಚಿಲ್ಲದೆ ರಕ್ಷಣೆ. ಹೆರಿಗೆ ಖರ್ಚಿಗೆ ಕಾಯುವ ಅವಧಿಯೂ ಇಲ್ಲ.

ಆದರೆ ಒಂದು ಗಡುವಿದೆ, ಇಲ್ಲೇ ಬಹಳ ಜನ ಎಡವುತ್ತಾರೆ. ಮಿತಿ ದಾಟಿದ ಸಂಬಳದೊಂದಿಗೆ ಜರ್ಮನಿಯಲ್ಲಿ ಮೊದಲ ಸಲ ಕೆಲಸಕ್ಕೆ ಸೇರಿದವರು 3 ತಿಂಗಳೊಳಗೆ ಪಬ್ಲಿಕ್‌ಗೆ ಸೇರುತ್ತೇವೆಂದು ತಿಳಿಸಬೇಕು. ಅದು ತಪ್ಪಿದರೆ ನಿಮಗೆ ಉಳಿಯುವುದು ಪ್ರೈವೇಟ್. ಮುಂದೆ ಸಂಬಳ ಮಿತಿಗಿಂತ ಇಳಿದರೆ ಮರಳಬಹುದು, 55 ವರ್ಷ ದಾಟಿದ ಮೇಲೆ ಅದೂ ಬಹುತೇಕ ಆಗದು. ಹಾಗಾಗಿ ಕೆಲಸಕ್ಕೆ ಸೇರುವ ಮೊದಲೇ ಅರ್ಜಿ ಹಾಕಿ, ನಿಧಿಯ ಹೆಸರನ್ನು ಕಂಪನಿಯ ಎಚ್‌ಆರ್‌ಗೆ ತಿಳಿಸಿ.

ಯಾವ ನಿಧಿ? ಸೌಲಭ್ಯಗಳನ್ನು ಬಹುಪಾಲು ಕಾನೂನೇ ನಿಗದಿ ಮಾಡಿದೆ. ಹೆಚ್ಚುವರಿ ದರ ಎಷ್ಟು, ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಾರಾ, ಇವೆರಡನ್ನೇ ನೋಡಿ ಆರಿಸಿ. ಮದುವೆ ಪತ್ರ ಮತ್ತು ಮಗಳ ಜನನ ಪತ್ರದ ಜರ್ಮನ್ ಅನುವಾದ ಕೈಯಲ್ಲಿಟ್ಟುಕೊಳ್ಳಿ, ಕುಟುಂಬವನ್ನು ಸೇರಿಸುವಾಗ ಕೇಳಬಹುದು. ಕಾರ್ಡ್ ಬರುವುದು ತಡವಾಗುತ್ತದೆ. ಅಷ್ಟರೊಳಗೆ ಡಾಕ್ಟರ್ ಬೇಕಾದರೆ ನಿಧಿಯಿಂದ ತಾತ್ಕಾಲಿಕ ಪ್ರಮಾಣಪತ್ರ ತರಿಸಿಕೊಳ್ಳಿ. ವಿಮೆ ಶುರುವಾಗುವುದು ಕೆಲಸ ಶುರುವಾದ ದಿನದಿಂದ. 20ಕ್ಕೆ ಇಳಿದು 1ಕ್ಕೆ ಕೆಲಸಕ್ಕೆ ಹೋಗುವುದಾದರೆ ನಡುವಿನ ದಿನಗಳಿಗೆ ಬೇರೆ ಪಾಲಿಸಿ ಬೇಕು, ಬಸುರಿಗೆ ಏನೆಲ್ಲ ಸಿಗುತ್ತದೆಂದು ಓದಿಯೇ ಕೊಳ್ಳಿ.

ಪ್ರಶ್ನೆ: ಅಪ್ಪ ಅಮ್ಮನನ್ನು ಮೂರು ತಿಂಗಳಿಗೆ ಬರ್ಲಿನ್‌ಗೆ ಕರೆಸಿಕೊಳ್ಳಬೇಕು. ನನ್ನ ವಿಮೆಗೇ ಸೇರಿಸಬಹುದೇ? ಅಪ್ಪನಿಗೆ ಸಕ್ಕರೆ ಕಾಯಿಲೆ.
– ಓದುಗರು, ಬರ್ಲಿನ್

ಉತ್ತರ: ಆಗುವುದಿಲ್ಲ, ಕುಟುಂಬ ವಿಮೆಯಲ್ಲಿ ತಂದೆ ತಾಯಿಗೆ ಜಾಗವಿಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಮೊತ್ತಕ್ಕಿಂತ ಮುಖ್ಯವಾಗಿ, ಮೊದಲೇ ಇರುವ ಕಾಯಿಲೆ ಏಕಾಏಕಿ ಉಲ್ಬಣಿಸಿದರೆ ಕೊಡುತ್ತಾರೋ ಇಲ್ಲವೋ ಎಂಬ ಸಾಲನ್ನು ಹುಡುಕಿ ಓದಿ. ಅನೇಕ ಅಗ್ಗದ ಪಾಲಿಸಿಗಳು ಅದನ್ನು ಹೊರಗಿಡುತ್ತವೆ. ಮೂರು ತಿಂಗಳ ಮಾತ್ರೆ, ಇನ್ಸುಲಿನ್ ಊರಿನಿಂದಲೇ ತರಲಿ, ಜೊತೆಗೆ ಇಂಗ್ಲಿಷ್‌ನಲ್ಲಿ ಡಾಕ್ಟರ್ ಚೀಟಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ವಿಮಾನದ ಸರಕಿನ ಜಾಗದಲ್ಲಿ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ಈ ಮೂರು ತಿಂಗಳಲ್ಲಿ ಊರಿನಲ್ಲಿರುವ ಅವರ ಆರೋಗ್ಯ ವಿಮೆ ಪಾಲಿಸಿಯ ನವೀಕರಣ ದಿನ ಬರುತ್ತದೆಯೇ ನೋಡಿ. ವಾರ್ಷಿಕ ಪಾಲಿಸಿಗೆ ಹಣ ಕಟ್ಟಲು 30 ದಿನದ ಹೆಚ್ಚುವರಿ ಅವಧಿ ಇರುತ್ತದೆ. ಅದೂ ಮುಗಿದರೆ ಇಷ್ಟು ವರ್ಷ ಕಟ್ಟಿ ಕಳೆದ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.