ಐದಾರು ಜನರ ತಂಡಕ್ಕೆ ರಿಮೋಟ್ ಕಂಪೈಲರ್ ಕ್ಯಾಶ್ ಎಲ್ಲಿಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆಯ ಕಚೇರಿಯಲ್ಲಿ ಐದಾರು ಜನ ಒಂದೇ ಸಿ++ ಕೋಡ್ ಮೇಲೆ ಕೆಲಸ ಮಾಡುತ್ತೀರಿ, ಬ್ರ್ಯಾಂಚ್ (ಕೋಡ್‌ನ ಬೇರೊಂದು ಕವಲು) ಬದಲಿಸಿದಾಗಲೆಲ್ಲ ಬಿಲ್ಡ್‌ಗಾಗಿ, ಅಂದರೆ ಕೋಡ್ ಕಂಪೈಲ್ ಆಗಿ ಪ್ರೋಗ್ರಾಂ ಸಿದ್ಧವಾಗಲು, ಕಾದು ಕೂರಬೇಕು, ಸಿಕ್ಯಾಶ್‌ನ (ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಬಳಸುವ ಸಾಧನ) ಸಂಗ್ರಹವನ್ನು ಮುಂಬೈಯ ಕ್ಲೌಡ್‌ನಲ್ಲಿಟ್ಟು ಎಲ್ಲರೂ ಹಂಚಿಕೊಂಡರೆ ವೇಗ ಬರುವುದೇ?

ಹಂಚಿಕೊಳ್ಳಿ, ಆದರೆ ಅದಕ್ಕಾಗಿ ಮುಂಬೈವರೆಗೆ ಹೋಗಬೇಡಿ. ನಾನೂ ಇದೇ ಊರಿನ ವಿದ್ಯಾನಗರದಲ್ಲಿ ಅಂಥದ್ದೇ ತಂಡದಲ್ಲಿದ್ದೇನೆ. ದೊಡ್ಡ ಬಿಲ್ಡ್ ಎಂದರೆ ಸಾವಿರಾರು ಆಬ್ಜೆಕ್ಟ್ ಫೈಲುಗಳು (ಕಂಪೈಲ್ ಆದ ತುಣುಕುಗಳು), ಒಂದೊಂದಕ್ಕೂ ಸರ್ವರ್‌ಗೆ ಹೋಗಿ ಕೇಳಿ ಬರಬೇಕು. ಚರಂಡಿಗೆಂದು ರಸ್ತೆ ಅಗೆದಾಗ ಕತ್ತರಿಸಿ ಹೋಗುವ ಫೈಬರ್ ಲೈನ್ ನಂಬಿ ಈ ವ್ಯವಹಾರ ಬೇಡ. ಮೂಲೆಯಲ್ಲಿ ಧೂಳು ಹಿಡಿದಿರುವ ಹಳೆಯ ಡೆಸ್ಕ್‌ಟಾಪ್‌ಗೆ ಒಂದು ಎಸ್‌ಎಸ್‌ಡಿ ಹಾಕಿ, ಗಿಗಾಬಿಟ್ ಸ್ವಿಚ್‌ಗೆ ಜೋಡಿಸಿ, ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಓಡಿಸಿದರೆ ಸಾಕು. ರೆಡಿಸ್ ಎಂಬ ಡೇಟಾಬೇಸ್ ಕೂಡ ಆಗುತ್ತದೆ, ಆದರೆ ಅದು ಎಲ್ಲವನ್ನೂ ರ‍್ಯಾಮ್‌ನಲ್ಲಿಡುತ್ತದೆ. ಬ್ಯಾಕಪ್ ಬೇಕಿಲ್ಲ, ಅಳಿಸಿ ಹೋದರೆ ಒಮ್ಮೆ ನಿಧಾನವಾಗಿ ಕಂಪೈಲ್ ಆಗುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಆ ಯಂತ್ರ ನಿಂತರೂ ಸಿಕ್ಯಾಶ್ ಸುಮ್ಮನೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮುಂದುವರಿಸುತ್ತದೆ. ಎಂಜಿನ್‌ಎಕ್ಸ್ ಹಳೆಯ ಫೈಲುಗಳನ್ನು ತಾನಾಗಿ ಅಳಿಸುವುದಿಲ್ಲ, ಅದಕ್ಕೊಂದು ಕ್ರಾನ್ ಕೆಲಸ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಆದೇಶ) ಬರೆದಿಡಿ.

ನೆನಪಿರಲಿ, ಎಚ್‌ಟಿಟಿಪಿ (ಎಂಜಿನ್‌ಎಕ್ಸ್ ಮಾತಾಡುವ ವಿಧಾನ) ಮತ್ತು ರೆಡಿಸ್ ಬೆಂಬಲ ಬಂದದ್ದು ಸಿಕ್ಯಾಶ್‌ನ 2021ರ 4.4 ಆವೃತ್ತಿಯಲ್ಲಿ. ಉಬುಂಟು 20.04ರ ಪ್ಯಾಕೇಜು ಅದಕ್ಕಿಂತ ಹಳೆಯದು. 22.04ರಲ್ಲಿ ಬರುವ ಆವೃತ್ತಿಯಲ್ಲಿ ಸರ್ವರ್‌ನ ವಿಳಾಸ ಕೊಡುವ ಸೆಟ್ಟಿಂಗ್‌ನ ಹೆಸರು ಇನ್ನೂ ‘ಸೆಕೆಂಡರಿ ಸ್ಟೋರೇಜ್’. ‘ರಿಮೋಟ್ ಸ್ಟೋರೇಜ್’ ಆದದ್ದು 4.7ರಿಂದ.

ಇಷ್ಟೆಲ್ಲ ಮಾಡಿಯೂ ಒಬ್ಬರು ಕಂಪೈಲ್ ಮಾಡಿದ್ದು ಇನ್ನೊಬ್ಬರಿಗೆ ಸಿಗದೇ ಹೋಗಬಹುದು, ಬಹುಪಾಲು ತಂಡಗಳು ಸೋಲುವುದು ಇಲ್ಲೇ. ಸಿಕ್ಯಾಶ್ ಸೋರ್ಸ್, ಫ್ಲ್ಯಾಗ್‌ಗಳು (ಕಂಪೈಲರ್‌ಗೆ ಕೊಡುವ ಆಯ್ಕೆಗಳು), ಕಂಪೈಲರ್ ಎಲ್ಲವನ್ನೂ ಸೇರಿಸಿ ಒಂದು ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು, ಮಾಡುತ್ತದೆ; ಅದು ಹೊಂದಿದರೆ ಮಾತ್ರ ಉಳಿಸಿಟ್ಟದ್ದು ಸಿಗುತ್ತದೆ. ಡೀಬಗ್ ಮಾಹಿತಿ ಸಹಿತ ಕಂಪೈಲ್ ಮಾಡಿದರೆ ಕೆಲಸದ ಡೈರೆಕ್ಟರಿಯ ಹೆಸರೂ ಅದರಲ್ಲಿ ಸೇರಿಕೊಳ್ಳುತ್ತದೆ. ನೀವು ನಿಮ್ಮ ಹೆಸರಿನ ಹೋಮ್ ಫೋಲ್ಡರ್‌ನಲ್ಲಿ, ಪಕ್ಕದವರು ಅವರದರಲ್ಲಿ ಬಿಲ್ಡ್ ಮಾಡಿದರೆ ಎರಡೂ ಬೇರೆಯೇ. ಬೇಸ್ ಡಿರ್ ಸೆಟ್ಟಿಂಗ್ ಮತ್ತು ಪ್ರಿಫಿಕ್ಸ್ ಮ್ಯಾಪ್ ಫ್ಲ್ಯಾಗ್‌ನಿಂದ ಇದನ್ನು ಸರಿಪಡಿಸಬಹುದು. ನನ್ನ ಮಾತು ಕೇಳುವುದಾದರೆ ಎಲ್ಲರೂ ಒಂದೇ ಡಾಕರ್ ಇಮೇಜ್‌ನಲ್ಲಿ (ಕಂಪೈಲರ್ ಸಹಿತ ಸಿದ್ಧಪಡಿಸಿಟ್ಟ ಒಂದೇ ಪರಿಸರ), ಒಂದೇ ಪಾಥ್‌ನಲ್ಲಿ ಬಿಲ್ಡ್ ಮಾಡಿ. ಕಂಪೈಲರ್ ಆವೃತ್ತಿಯ ತಂಟೆಯೂ ಅಲ್ಲಿಗೇ ಮುಗಿಯುತ್ತದೆ. ಬೇರೆ ಬೇರೆ ಯಂತ್ರಗಳಲ್ಲಿ ಕಂಪೈಲರ್ ಅನ್ನು ನೀವೇ ಕಟ್ಟಿಕೊಂಡಿದ್ದರೆ, ಅದರ ದಿನಾಂಕದ ಬದಲು ಒಳಗಿನ ಬೈಟ್‌ಗಳನ್ನೇ ಹೋಲಿಸುವಂತೆ ಸಿಕ್ಯಾಶ್‌ನ ‘ಕಂಪೈಲರ್ ಚೆಕ್’ ಸೆಟ್ಟಿಂಗ್ ಅನ್ನು ‘ಕಂಟೆಂಟ್’ಗೆ ಬದಲಿಸಿ.

ಇನ್ನೊಂದು ಕೇಡು: ಗಿಟ್ ಕಮಿಟ್ ಸಂಖ್ಯೆ (ಕೋಡ್‌ನ ಪ್ರತಿ ಬದಲಾವಣೆಗೂ ಸಿಗುವ ಗುರುತು) ಇರುವ ಹೆಡರ್ ಫೈಲು. ಯಾವನೋ ಪುಣ್ಯಾತ್ಮ ಅದನ್ನು ಎಲ್ಲ ಫೈಲುಗಳಿಗೂ ಸೇರಿಸಿರುತ್ತಾನೆ. ಆಗ ಪ್ರತಿ ಕಮಿಟ್‌ಗೂ ಇಡೀ ಕ್ಯಾಶ್ ವ್ಯರ್ಥ. ಆ ಸಂಖ್ಯೆ ಒಂದೇ ಒಂದು ಸಿಪಿಪಿ ಫೈಲಿನಲ್ಲಿರಲಿ.

ಸರ್ವರ್‌ಗೆ ಬರೆಯುವ ಹಕ್ಕು ಸಿಐ ಯಂತ್ರಕ್ಕೆ (ಎಲ್ಲರ ಕೋಡನ್ನು ತಾನಾಗಿ ಬಿಲ್ಡ್ ಮಾಡುವ ಯಂತ್ರ) ಮಾತ್ರ ಕೊಡಿ, ಉಳಿದವರಿಗೆ ಓದಲು ಮಾತ್ರ. ಯಾರದೋ ಲ್ಯಾಪ್‌ಟಾಪ್‌ನಿಂದ ಬಂದ ಕೆಟ್ಟ ಆಬ್ಜೆಕ್ಟ್ ಎಲ್ಲರ ಬಿಲ್ಡ್‌ಗೂ ಹರಡಿದರೆ ಅದನ್ನು ಪತ್ತೆ ಹಚ್ಚುವುದು ಪ್ರಾಣಸಂಕಟ.

ಲಿಂಕಿಂಗ್, ಅಂದರೆ ಆಬ್ಜೆಕ್ಟ್ ಫೈಲುಗಳನ್ನು ಜೋಡಿಸುವ ಕೊನೆಯ ಹಂತ, ಇದರಿಂದ ವೇಗವಾಗುವುದಿಲ್ಲ. ನಿಮ್ಮ ಸಮಯ ಹೋಗುತ್ತಿರುವುದು ಅಲ್ಲೇ ಆದರೆ ಮೋಲ್ಡ್ ಅಥವಾ ಎಲ್‌ಎಲ್‌ಡಿ ಲಿಂಕರ್ ಹಾಕಿ ನೋಡಿ. ಪ್ರಾಜೆಕ್ಟ್‌ನಲ್ಲಿ ರಸ್ಟ್ ಭಾಷೆಯ ಕೋಡ್ ಕೂಡ ಇದ್ದರೆ ಮೊಜಿಲ್ಲಾದ ಎಸ್‌ಸಿಕ್ಯಾಶ್ ಬೇಕಾಗುತ್ತದೆ. ಅಲ್ಲಿ ಇನ್‌ಕ್ರಿಮೆಂಟಲ್ ಕಂಪೈಲೇಶನ್ (ಬದಲಾದ ಭಾಗವನ್ನಷ್ಟೇ ಕಂಪೈಲ್ ಮಾಡುವುದು) ಆಫ್ ಮಾಡಿ, ಇಲ್ಲದಿದ್ದರೆ ಆ ಕ್ರೇಟ್‌ಗಳನ್ನು (ರಸ್ಟ್ ಕೋಡ್‌ನ ಘಟಕಗಳನ್ನು) ಅದು ಕ್ಯಾಶ್ ಮಾಡುವುದೇ ಇಲ್ಲ.

ಚಿತ್ರದುರ್ಗದ ಮನೆಯಿಂದ ವಿಪಿಎನ್ ಮೂಲಕ ಕೆಲಸ ಮಾಡುವ ಸಹೋದ್ಯೋಗಿಯ ಬಗ್ಗೆಯೂ ಕೇಳಿದ್ದೀರಿ. ಅವರಿಗೆ ಸರ್ವರ್ ಬೇಡ. ಅವರ ಲ್ಯಾಪ್‌ಟಾಪ್‌ನಲ್ಲಿ ಸ್ಥಳೀಯ ಕ್ಯಾಶ್‌ನ ಮಿತಿ ಹೆಚ್ಚಿಸಿ, 4.x ಆವೃತ್ತಿಗಳಲ್ಲಿ ಅದು ಮೂಲತಃ 5 ಜಿಬಿ ಇರುತ್ತದೆ, ದೊಡ್ಡ ಕೋಡ್‌ಗೆ ಎರಡು ಬ್ರ್ಯಾಂಚ್ ತೆರೆಯುವಷ್ಟರಲ್ಲಿ ತುಂಬಿ ಹೋಗುತ್ತದೆ.