ಹೈಬ್ರಿಡ್ ಕಾರಿನ ಡಿಕ್ಕಿಗೆ ಹೆಚ್ಚುವರಿ ಬ್ಯಾಟರಿ ಹಾಕಿಸಿದ ಮೇಲೆ ಹಿಂಬದಿ ಕುಸಿದಿದೆ. ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಸಾಕೇ?

ಸಾಲದು. ಡಿಕ್ಕಿಯಲ್ಲಿ ನಾಲ್ಕು ಲೆಡ್ ಆಸಿಡ್ ಬ್ಯಾಟರಿ ಕೂರಿಸಿ ಎಂಟು ತಿಂಗಳಾಯಿತು, ಕಾರಿನ ಹಿಂಬದಿ ತಗ್ಗಿದೆ, ಹಂಪ್ ದಾಟುವಾಗ ದಡಕ್ ಎಂದು ಬಡಿಯುತ್ತದೆ, ವಾಸ್ಕೋದಿಂದ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಹೋಗುವಾಗ ಸ್ಟಿಯರಿಂಗ್ ಹಗುರವೆನಿಸುತ್ತದೆ ಎಂದು ಬರೆದಿದ್ದೀರಿ. ಮೊದಲ ಎರಡು ತೊಂದರೆಗಳು ಗಟ್ಟಿ ಸ್ಪ್ರಿಂಗಿನಿಂದ ಕಣ್ಣಿಗೆ ಕಾಣದಷ್ಟು ಮರೆಯಾಗಬಹುದು. ಮೂರನೆಯದು ಹಾಗೆಯೇ ಉಳಿಯುತ್ತದೆ, ಮತ್ತು ನನ್ನ ಮಟ್ಟಿಗೆ ಹೆಚ್ಚು ಅಪಾಯಕಾರಿಯಾದದ್ದು ಅದೇ.

ನಾನೂ ಈ ತಪ್ಪನ್ನು ಮಾಡಿದವನೇ. 2010ರಲ್ಲಿ ನಮ್ಮ ಪುಣೆಯ ಕೆಪಿಐಟಿ ಕಮಿನ್ಸ್ ಕಂಪನಿಯು ಹಳೆಯ ಕಾರನ್ನೇ ಹೈಬ್ರಿಡ್ ಆಗಿ ಮಾರ್ಪಡಿಸುವ ರೆವೋಲೋ ಕಿಟ್ಟನ್ನು ಪ್ರಕಟಿಸಿದಾಗ ನನ್ನಂಥವರ ತಲೆಯೊಳಗೆ ಹುಳ ಹೊಕ್ಕಿತು. ನನ್ನ ಬಳಿ ಆಗಲೇ ಒಂದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಸೆಡಾನ್ ಇದ್ದುದರಿಂದ ಯಾವ ಕಿಟ್ಟಿನ ದಾರಿಯನ್ನೂ ಕಾಯದೆ, ಪರಿಚಯದ ಗ್ಯಾರೇಜೊಂದರಲ್ಲಿ 12 ವೋಲ್ಟಿನ, 100 ಆಂಪಿಯರ್ ಅವರ್ ಸಾಮರ್ಥ್ಯದ ನಾಲ್ಕು ಬ್ಯಾಟರಿಗಳನ್ನು ಡಿಕ್ಕಿಯ ಹಿಂತುದಿಗೆ ಹಾಕಿಸಿಕೊಂಡೆ. ಒಂದೊಂದೂ ಸುಮಾರು 30 ಕಿಲೋ. ಕಬ್ಬಿಣದ ಆ್ಯಂಗಲ್ ಚೌಕಟ್ಟು, ಕೇಬಲ್ಲು, ಕನ್ವರ್ಟರ್ ಎಲ್ಲ ಸೇರಿ 150 ಕಿಲೋ. ಇಬ್ಬರು ದೊಡ್ಡವರು ಡಿಕ್ಕಿಯಲ್ಲಿ ಕಾಯಮ್ಮಾಗಿ ಕುಳಿತಂತಾಯಿತು.

ಆದರೆ ಹಿಂದಿನ ಆಕ್ಸಲ್ ಮೇಲೆ ಬಿದ್ದ ಭಾರ 150 ಅಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.6 ಮೀಟರ್ ಎಂದುಕೊಳ್ಳಿ, ಬ್ಯಾಟರಿಗಳು ಹಿಂದಿನ ಆಕ್ಸಲ್‌ಗಿಂತ 0.4 ಮೀಟರ್ ಹಿಂದಿವೆ ಎಂದುಕೊಳ್ಳಿ. ಆಗ ಹಿಂದಿನ ಆಕ್ಸಲ್‌ಗೆ 150 ಗುಣಿಸು 3.0, ಭಾಗಿಸು 2.6, ಅಂದರೆ 173 ಕಿಲೋ ಸೇರುತ್ತದೆ. ಮುಂದಿನ ಆಕ್ಸಲ್‌ನಿಂದ 23 ಕಿಲೋ ಇಳಿಯುತ್ತದೆ. ನಮ್ಮ ಊರಿನಲ್ಲಿ ಎತ್ತಿನ ಗಾಡಿಗೆ ಚೀಲ ಹೇರುವವರು ಇದನ್ನೇ ಹಿಂಭಾರ ಎನ್ನುತ್ತಿದ್ದರು: ಚೀಲಗಳು ಹಿಂದಕ್ಕೆ ಹೆಚ್ಚಾದರೆ ನೊಗ ಎತ್ತುಗಳ ಹೆಗಲಿನಿಂದ ಮೇಲೇಳುತ್ತದೆ. ಎಂಜಿನ್ನು ಮುಂದಿನ ಚಕ್ರಗಳನ್ನು ತಿರುಗಿಸುವ ಕಾರಿನಲ್ಲಿ ಏರು ಹತ್ತುವಾಗ ಭಾರ ತಾನಾಗಿಯೇ ಇನ್ನಷ್ಟು ಹಿಂದಕ್ಕೆ ಸರಿಯುವುದರಿಂದ, ಮಳೆಗಾಲದ ಘಾಟಿನಲ್ಲಿ ಮುಂದಿನ ಟೈರು ಜಾರುವುದೂ ಸ್ಟಿಯರಿಂಗ್ ಹಗುರವಾಗುವುದೂ ಇದೇ ಕಾರಣಕ್ಕೆ. ಸ್ಪ್ರಿಂಗ್ ಎಷ್ಟೇ ಗಟ್ಟಿಯಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಇನ್ನು ಹಾನಿಯ ವಿಷಯ. 25 ಕಿಲೋಗೆ ಒಂದು ಸೆಂಟಿಮೀಟರ್ ಕುಗ್ಗುವ ಸ್ಪ್ರಿಂಗ್ ಇದ್ದರೆ, ಒಂದೊಂದು ಬದಿಗೆ ಬಿದ್ದ 86 ಕಿಲೋಗೆ ಸುಮಾರು ಮೂರೂವರೆ ಸೆಂಟಿಮೀಟರ್ ಕುಗ್ಗುತ್ತದೆ. ಹೊಂಡಕ್ಕೆ ಬಿದ್ದಾಗ ಚಕ್ರ ಮೇಲೇರಲು ಇರಬೇಕಾದ ಜಾಗದಲ್ಲಿ ಅಷ್ಟು ಮೊದಲೇ ಖರ್ಚಾಗಿರುವುದರಿಂದ, ಬರಿಯ ಆಪತ್ತಿಗೆಂದು ಇಟ್ಟ ಬಂಪ್ ಸ್ಟಾಪ್ ಎಂಬ ಮೆತ್ತೆ ಪ್ರತಿ ಹಂಪಿನಲ್ಲಿಯೂ ಪೆಟ್ಟು ತಿನ್ನುತ್ತದೆ. ನನ್ನ ಕಾರಿನ ಚಕ್ರ ಬಿಚ್ಚಿದ ದಿನ ಹಳದಿ ಬಂಪ್ ಸ್ಟಾಪ್ ಹಳೆಯ ಹವಾಯಿ ಚಪ್ಪಲಿಯಂತೆ ಬೆರಳಿಗೆ ಪುಡಿಪುಡಿಯಾಗಿ ಬಂತು. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಜಿನುಗಿ, ಅದಕ್ಕೆ ಧೂಳು ಹತ್ತಿ, ಕಪ್ಪು ಮೇಣದಂತೆ ಗಟ್ಟಿಯಾಗಿತ್ತು. ಬಂಪ್ ಸ್ಟಾಪ್ ಹೋದ ಮೇಲೆ ಆ ಪೆಟ್ಟು ಶಾಕ್ ಅಬ್ಸಾರ್ಬರಿನ ಒಳಗೂ, ಅದು ಬಾಡಿಗೆ ಸೇರುವ ಮೌಂಟಿಂಗಿಗೂ ನೇರವಾಗಿ ತಲುಪುತ್ತದೆ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಬೀಮಿನ ರಬ್ಬರ್ ಬುಷ್‌ಗಳಲ್ಲಿ ಬಿರುಕು ಬಿಟ್ಟಿತ್ತು. ಇದೆಲ್ಲಕ್ಕೂ ಬಹಳ ಮೊದಲೇ, ರಾತ್ರಿ ಎದುರಿನಿಂದ ಬರುವವರು ಸುಮ್ಮಸುಮ್ಮನೆ ಡಿಪ್ಪರ್ ಹೊಡೆಯುತ್ತಿದ್ದಾರೆಂದು ನಾನು ಬೈದುಕೊಳ್ಳುತ್ತಿದ್ದೆ. ಹಿಂಬದಿ ಕೂತು ನನ್ನ ಹೆಡ್‌ಲೈಟೇ ಅವರ ಕಣ್ಣಿಗೆ ಹೊಡೆಯುತ್ತಿದ್ದುದು ಆಮೇಲೆ ತಿಳಿಯಿತು.

ನಾನು ಮೊದಲು ಮಾಡಿದ್ದು ಪುಣೆಯ ನಾನಾ ಪೇಟೆ ಎಂಬ ಬಡಾವಣೆಗೆ ಹೋಗಿ ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ತಂದದ್ದು. ಎತ್ತರ ಮರಳಿ ಬಂತು, ಸಮಾಧಾನವೂ ಆಯಿತು. ಆದರೆ ಆ ರಬ್ಬರ್ ಕೂತಲ್ಲಿ ಸ್ಪ್ರಿಂಗ್ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ, ಉಳಿದ ಸುರುಳಿಗಳೇ ಎಲ್ಲವನ್ನೂ ಹೊರುತ್ತವೆ. ಶಾಕ್ ಅಬ್ಸಾರ್ಬರ್ ಹಳೆಯದೇ ಆದ್ದರಿಂದ ಕಾರು ಒಮ್ಮೆ ಎಗರಿದರೆ ಎರಡು ಮೂರು ಸಲ ಕುಣಿದೇ ನಿಲ್ಲುತ್ತಿತ್ತು. ಧಾರವಾಡಕ್ಕೆ ಹೊರಟಾಗ ಹಿಂದೆ ಕುಳಿತಿದ್ದ ನನ್ನ ಹೆಂಡತಿ ಸಾತಾರಾ ತಲುಪುವಷ್ಟರಲ್ಲಿ, ಮುಂದಿನ ಸಲ ನಾನು ರೈಲಿನಲ್ಲಿ ಬರುತ್ತೇನೆ ಎಂದುಬಿಟ್ಟಳು.

ಆದ್ದರಿಂದ ಯಾವ ಬಿಡಿಭಾಗವನ್ನೂ ಕೊಳ್ಳುವ ಮೊದಲು ಕಾರನ್ನು ಲಾರಿ ತೂಗುವ ವೇ ಬ್ರಿಡ್ಜ್‌ಗೆ ಒಯ್ಯಿರಿ. ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿಸಿ, ಬಳಿಕ ಇಡೀ ಕಾರನ್ನು, ಕೊನೆಗೆ ಹಿಂದಿನ ಚಕ್ರಗಳನ್ನು ಮಾತ್ರ. ನನ್ನದು ಮುಂದೆ 780, ಹಿಂದೆ 720 ಬಂತು, ಅದೂ ನಾನೊಬ್ಬನೇ ಇದ್ದಾಗ. ಹಿಂದೆ ಇಬ್ಬರು ಕುಳಿತು ಎರಡು ಚೀಲ ಇಟ್ಟರೆ ಹಿಂದಿನ ಆಕ್ಸಲ್ 870 ಮುಟ್ಟುತ್ತಿತ್ತು; ಕಂಪನಿಯ ಪ್ಲೇಟಿನ ಮೇಲೆ ಬರೆದಿದ್ದ ಮಿತಿ 830. ಅನೇಕ ಕಾರುಗಳಲ್ಲಿ ಈ ಪ್ಲೇಟು ಬಾಗಿಲಿನ ಕಂಬದ ಮೇಲೆ ಅಥವಾ ಬಾನೆಟ್ಟಿನ ಕೆಳಗೆ ಇರುತ್ತದೆ. ಟೈರಿನ ಪಕ್ಕದಲ್ಲಿ ಬರೆದ ಭಾರದ ಅಂಕಿಯನ್ನೂ (ಲೋಡ್ ಇಂಡೆಕ್ಸ್) ನೋಡಿಕೊಳ್ಳಿ: 84 ಎಂದಿದ್ದರೆ ಒಂದು ಟೈರು 500 ಕಿಲೋ, 88 ಎಂದಿದ್ದರೆ 560 ಕಿಲೋ ಹೊರಬಲ್ಲದು. ಗಟ್ಟಿ ಸ್ಪ್ರಿಂಗ್ ಹಾಕಿಸಿದ ಮಾತ್ರಕ್ಕೆ ಬೀಮು, ಬೇರಿಂಗ್, ಬ್ರೇಕು, ಟೈರುಗಳ ಮಿತಿ ಏರುವುದಿಲ್ಲ.

ನಾನು ಕೊನೆಗೆ ಮಾಡಿದ್ದು ಭಾರವನ್ನೇ ಇಳಿಸಿದ್ದು. ಲೆಡ್ ಆಸಿಡ್ ಬ್ಯಾಟರಿ ಬೇಗ ಹಾಳಾಗಬಾರದೆಂದರೆ ಅದರ ಅರ್ಧದಷ್ಟನ್ನೇ ಬಳಸಬೇಕು, ನನ್ನ ನಾಲ್ಕೂ ಬ್ಯಾಟರಿಗಳ ಒಟ್ಟು 4.8 ಕಿಲೋವ್ಯಾಟ್ ಅವರ್‌ನಲ್ಲಿ ನಿಜಕ್ಕೂ ಕೈಗೆ ಸಿಗುತ್ತಿದ್ದುದು 2.4. ಅಷ್ಟನ್ನೇ ಕೊಡುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪೆಟ್ಟಿಗೆ ಸಹಿತ 40 ಕಿಲೋದಲ್ಲಿ ಮುಗಿಯಿತು. ಚಾರ್ಜರನ್ನೂ ಬದಲಿಸಬೇಕಾಯಿತು, ದುಡ್ಡು ಚುರುಕು ಮುಟ್ಟಿಸಿತು. ಅದನ್ನು ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ ಆಕ್ಸಲ್ ನೇರಕ್ಕೆ ಕೂರಿಸಿದೆ. ಟೊಯೋಟದವರು ಪ್ರಿಯಸ್ ಕಾರಿನಲ್ಲಿ 1.3 ಕಿಲೋವ್ಯಾಟ್ ಅವರ್‌ನ ಸಣ್ಣ ನಿಕಲ್ ಬ್ಯಾಟರಿಯನ್ನೂ ಸೀಟಿನ ಬೆನ್ನಿಗೇ ಇಟ್ಟಿದ್ದರು. ಆಮೇಲೆ ಕಂಪನಿಯದೇ ಅಳತೆಯ ಹೊಸ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬಂಪ್ ಸ್ಟಾಪ್, ಬುಷ್‌ಗಳನ್ನು ಎರಡೂ ಬದಿಗೆ ಹಾಕಿಸಿದೆ. ಗಟ್ಟಿಯವು ಬೇಕಾಗಲೇ ಇಲ್ಲ.

ಕಾನೂನಿನ ಮಾತು ಚಿಕ್ಕದು: ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಇಂಥ ಬದಲಾವಣೆಗೆ ಅನುಮತಿ ಬೇಕು, ಅದಿಲ್ಲದಿದ್ದರೆ ಅಪಘಾತದ ದಿನ ವಿಮೆಯವರು ತಕರಾರು ತೆಗೆಯಬಹುದು.

ವೇ ಬ್ರಿಡ್ಜಿನ ಮೂರು ಚೀಟಿಗಳ ಅಂಕಿಗಳನ್ನೂ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು, ಇಲ್ಲಿಯೇ ಬರೆಯಿರಿ. ಅಲ್ಲಿಯವರೆಗೆ ಚೋರ್ಲಾ ಘಾಟಿಗೆ ಹೋಗಲೇಬೇಕಾದರೆ ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ, ಡಿಕ್ಕಿಯಲ್ಲಿ ಬೇರೆ ಸಾಮಾನು ಇಡಬೇಡಿ.